ನನಗೆ ಗುನಾಹ್ (ಪಾಪ) ಅನಿಸಿದ್ದಕ್ಕೆ ಅವರಿಗೆ ಮನೆ ಇಲ್ಲ ಅನ್ನಬೇಕಾ?

ವಿಜಾಪುರದವ, ಕೊಂಢ್ವಾ, ಪುಣೆ:
ನಮ್ಮ ಸೊಸೈಟಿಯಲ್ಲಿ ಮುಕ್ಕಾಲು ಪಾಲು ನಮ್ಮವರೇ, ಮುಸ್ಲಿಮರು. ನಾನು ಕಮಿಟಿಯಲ್ಲಿದ್ದೇನೆ. ಮೂರನೇ ಮಹಡಿಯ ಫ್ಲ್ಯಾಟ್ ಮಾಲೀಕರು ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಡುತ್ತಿದ್ದಾರೆ. ಅವರು ಜೋಡಿ, ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಎನ್‌ಒಸಿ (ಸೊಸೈಟಿಯ ಅಭ್ಯಂತರವಿಲ್ಲ ಅನ್ನೋ ಪತ್ರ) ಕೊಡಬಾರದು ಅಂತ ಕಮಿಟಿಯಲ್ಲಿ ಕೆಲವರ ಗಲಾಟೆ.

ನನ್ನ ನಂಬಿಕೆಯಲ್ಲೂ ಅದು ಗುನಾಹ್. ಹಿಂಜವಡಿಯ ಆಫೀಸಿನಲ್ಲಿ ಹೀಗಂದರೆ ಹಳೇ ಕಾಲದವ ಅಂತಾರೆ. ಇಲ್ಲಿ ಎನ್‌ಒಸಿ ಕೊಡೋಣ ಅಂದರೆ ಈಮಾನ್ (ಧರ್ಮದ ನಂಬಿಕೆ) ಸಡಿಲ ಅಂತಾರೆ. ಒಪ್ಪಿಗೆಯಿರುವ ವಯಸ್ಕರ ಸಂಬಂಧ 377ನೇ ಕಲಮಿನಡಿ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿಬಿಟ್ಟಿದೆ. ನಾನು ಪುಣೆಗೆ ಬಂದ ಹೊಸದರಲ್ಲಿ ಒಬ್ಬ ಬ್ರೋಕರ್ ಫೋನಿನಲ್ಲಿ ನನ್ನ ಹೆಸರು ಕೇಳಿದ್ದೇ ತಡ, ಆ ಫ್ಲ್ಯಾಟ್ ನಿನ್ನೆಯೇ ಹೋಯ್ತು ಅಂದ. ಬೋರ್ಡು ಮಾತ್ರ ತಿಂಗಳುಗಟ್ಟಲೆ ಹಾಗೇ ನೇತಾಡುತ್ತಿತ್ತು. ಈಗ ನಾನೂ ಅದನ್ನೇ ಮಾಡಬೇಕಾ?

ಕುರ್ಲಾ, ಮುಂಬೈ:
ಭಾಯಿ, ಕೆಡುಕನ್ನು ತಡೆಯಿರಿ ಅನ್ನೋದೂ ನಮ್ಮ ದೀನಿನಲ್ಲೇ (ಧರ್ಮದಲ್ಲೇ) ಇದೆ. ಮಕ್ಕಳಿರುವ ಬಿಲ್ಡಿಂಗು. ಒಳ್ಳೆಯವ ಅನ್ನಿಸಿಕೊಳ್ಳೋಕೆ ಸುಮ್ನೆ ಸಹಿ ಹಾಕಬೇಡಿ.

ನಿವೃತ್ತ ಟೀಚರ್, ಮಡಗಾಂವ್:
ತಡೆಯೋದಕ್ಕೂ ಎಲ್ಲೆ ಇದೆ ತಮ್ಮಾ. ಹಳೇ ಕಾಲದ ದೊಡ್ಡ ವಿದ್ವಾಂಸ ಇಮಾಮ್ ಗಜಾಲಿ ಒಂದು ಪ್ರಸಂಗ ಹೇಳುತ್ತಾರೆ. ಖಲೀಫರಾಗಿದ್ದ ಹಜ್ರತ್ ಉಮರ್ ಒಬ್ಬನ ಮನೆಯ ಗೋಡೆ ಹತ್ತಿಳಿದು, ತಪ್ಪು ಮಾಡುತ್ತಿದ್ದವನನ್ನು ಹಿಡಿದರು. ಅವನು ತಿರುಗಿ ಅಂದ: ನನ್ನದು ಒಂದು ತಪ್ಪು, ನಿಮ್ಮದು ಮೂರು. ಕದ್ದು ನೋಡಬೇಡಿ ಅಂತ ಕುರ್‌ಆನಿನಲ್ಲಿದೆ (49:12), ನೋಡಿದಿರಿ. ಬಾಗಿಲಿನಿಂದ ಬನ್ನಿ ಅಂತಿದೆ (2:189), ಗೋಡೆ ಹತ್ತಿದಿರಿ. ಸಲಾಂ ಹೇಳದೆ ಒಳಗೆ ಬರಬೇಡಿ ಅಂತಿದೆ (24:27), ಅದೂ ಇಲ್ಲ. ತೌಬಾ (ಪಶ್ಚಾತ್ತಾಪ) ಮಾಡು ಅಂತ ಹೇಳಿ ಉಮರ್ ಅವನನ್ನು ಬಿಟ್ಟುಬಿಟ್ಟರು. ಖಲೀಫರೇ ಹಿಂದೆ ಸರಿದ ಕಡೆ ಸೊಸೈಟಿ ಕಮಿಟಿಯದ್ದೇನು ಜೋರು!

ಧಾರವಾಡ, ಈಗ ಡೊಂಬಿವ್ಲಿ:
ಎನ್‌ಒಸಿ ಕೊಡಿ, ಸರಿ. ಆದರೆ ಮನಸ್ಸಿನಲ್ಲಿ ಪಾಪ ಅಂದುಕೊಂಡು ಲಿಫ್ಟಿನಲ್ಲಿ ನಗೋದು ನಾಟಕ ಅಲ್ವಾ?

ವಿಜಾಪುರದವ:
ಯಾಕ್ರೀ ನಾಟಕ? ಎದುರು ಮನೆಯವರು ಮೂರ್ತಿ ಪೂಜೆ ಮಾಡುತ್ತಾರೆ, ನನಗದು ಶಿರ್ಕ್, ಅಲ್ಲಾಹನಿಗೆ ಸಮಾನರನ್ನು ಇಡೋ ಪಾಪ. ಅವರಿಗೆ ಬ್ಯಾಂಕಿನಲ್ಲಿ ಕೆಲಸ, ನಾನು ಬಡ್ಡಿ ಮುಟ್ಟೋದಿಲ್ಲ. ದೀಪಾವಳಿಗೆ ಫರಾಳದ ತಟ್ಟೆ ಬರುತ್ತದೆ, ಈದಿಗೆ ಇಲ್ಲಿಂದ ಶೀರ್‌ಖುರ್ಮಾ ಹೋಗುತ್ತದೆ. ನನ್ನ ನಮಾಜಿನ ಬಗ್ಗೆ ಅವರಿಗೇನನಿಸುತ್ತದೋ, ನಾನು ಕೇಳಿಲ್ಲ. ತಪ್ಪು ಅಂತ ಅನಿಸದೇ ಇದ್ದರೆ ಅದರಲ್ಲಿ ಸಹಿಸಿಕೊಳ್ಳೋದೇನು ಬಂತು? ನನ್ನ ನಂಬಿಕೆ ಬದಲಿಸು ಅಂತ ಮಾತ್ರ ಯಾರೂ ಹೇಳಬೇಡಿ.

ಟೀಚರಮ್ಮ, ಶುಕ್ರಿಯಾ. ಭಾನುವಾರ ಮೀಟಿಂಗಿನಲ್ಲಿ ಉಮರ್ ಪ್ರಸಂಗ ಹೇಳುತ್ತೇನೆ. ಬಾಡಿಗೆ ಕರಾರು, ಪೊಲೀಸ್ ವೆರಿಫಿಕೇಶನ್ ಸರಿಯಿದ್ದರೆ ಸಹಿ ಹಾಕುತ್ತೇನೆ. ಕಾರ್ ಪಾರ್ಕಿಂಗ್ ಸಿಗೋದಿಲ್ಲ, ಅದನ್ನು ಆ ಹುಡುಗರಿಗೆ ಮೊದಲೇ ಹೇಳಿಬಿಡಬೇಕು.