ಡಿಸೆಂಬರ್ ಮೋಡ, ಕಣದ ಮೇಲಿನ ಕಾಫಿ: ಮುನ್ಸೂಚನೆಯನ್ನು ಓದುವುದು ಹೇಗೆ?

ಆಲ್ದೂರಿನ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಸಮೀಪ ನಮ್ಮದೊಂದು ಸಣ್ಣ ಅರೇಬಿಕಾ ತೋಟವಿದೆ. ಕುಯ್ಲು ಅರ್ಧ ಮುಗಿದಿದ್ದು, ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ) ಕಣದಲ್ಲಿ ಒಣಗುತ್ತಿದೆ. ಕಳೆದ ವಾರ ಮುನ್ಸೂಚನೆಯಲ್ಲಿ ‘ಜಿಲ್ಲೆಯ ಒಂದೆರಡು ಕಡೆ ಹಗುರ ಮಳೆ’ ಎಂದಿದ್ದುದನ್ನು ನೋಡಿ ಎರಡು ದಿನ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿಟ್ಟೆ. ಒಂದು ಹನಿಯೂ ಬೀಳಲಿಲ್ಲ. ಬದಲಿಗೆ ಟಾರ್ಪಾಲಿನ ಒಳಗೇ ನೀರು ಬೆವೆತು ಕಾಫಿಗೆ ಮುಗ್ಗಲು ವಾಸನೆ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಎದುರಿನ ಸಿಲ್ವರ್ ಓಕ್ ಮರವೂ ಕಾಣದಷ್ಟು ಮಂಜು ಕವಿದಿದ್ದರಿಂದ, ಈ ದಿನ ಮಳೆ ಖಂಡಿತವೆಂದು ಕಣದ ಆಳುಗಳನ್ನೆಲ್ಲ ಕುಯ್ಲಿಗೆ ಕಳಿಸಿದೆ. ಹತ್ತು ಗಂಟೆಗೆ ಸುಡುಬಿಸಿಲು ಬಂದಿತು, ಕಣದಲ್ಲಿ ಕಾಫಿ ಹರವಲು ಒಬ್ಬರೂ ಇರಲಿಲ್ಲ.

ಮಂಜೂ ಮೋಡವೂ ಒಂದೇ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಾದರೆ ಒಂದು ಬಿಸಿಲನ್ನೂ ಇನ್ನೊಂದು ಮಳೆಯನ್ನೂ ತರುವುದೇಕೆ? ಮುಳ್ಳಯ್ಯನಗಿರಿಯ ತಲೆಯ ಮೇಲೆ ದಿನವಿಡೀ ಮೋಡ ಕುಳಿತಿದ್ದರೂ ಚಿಕ್ಕಮಗಳೂರು ಪೇಟೆಯಲ್ಲಿ ಬಿಸಿಲಿರುವುದೇಕೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಹಾಸನದ ನಿವೃತ್ತ ಮೇಷ್ಟ್ರು

ನೀವು ಶಾಲೆಯಲ್ಲಿ ಕಲಿತದ್ದು ಸರಿಯೇ. ಎರಡೂ ನೀರಿನ ಅತಿ ಸಣ್ಣ ಹನಿಗಳೇ, ಆದರೆ ಹುಟ್ಟುವ ಬಗೆ ಬೇರೆ. ಗಾಳಿಯಲ್ಲಿರುವ ನೀರಾವಿ ಹನಿಯಾಗಬೇಕಾದರೆ ಗಾಳಿ ತಣಿಯಬೇಕು, ಜೊತೆಗೆ ಆವಿಗೆ ಅಂಟಿಕೊಳ್ಳಲು ಧೂಳಿನದೋ ಉಪ್ಪಿನದೋ ಹೊಗೆಯದೋ ಕಣವೊಂದು ಬೇಕು. ತೋಟಗಳ ಮೇಲಿನ ಗಾಳಿಯಲ್ಲಿ ಅಂಥ ಕಣಗಳಿಗೆ ಬರವಿಲ್ಲವಾದ್ದರಿಂದ, ಗಾಳಿ ಹೇಗೆ ತಣಿಯಿತು ಎಂಬುದನ್ನಷ್ಟೇ ನಾವು ನೋಡಿದರೆ ಸಾಕು.

ಚಳಿಗಾಲದ ಮಂಜು ನೆಲದಿಂದ ತಣಿಯುತ್ತದೆ. ರಾತ್ರಿ ಆಕಾಶ ಶುಭ್ರವಾಗಿದ್ದು ಗಾಳಿಯೂ ನಿಂತಿದ್ದರೆ, ಹಗಲಿನಲ್ಲಿ ಹೀರಿಕೊಂಡ ಶಾಖವನ್ನು ನೆಲವು ತಡೆಯಿಲ್ಲದೆ ಮೇಲಕ್ಕೆ ಬಿಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ಜಾರಿ ಗದ್ದೆಬಯಲಿನಲ್ಲಿ ತುಂಬಿಕೊಂಡು ಮಂಜಾಗುತ್ತದೆ. ಅಂದರೆ ದಟ್ಟ ಮಂಜು ಬಿದ್ದಿತೆಂದರೆ ಅದರ ಮೇಲಿನ ಆಕಾಶ ಹೆಚ್ಚಿನ ಸಲ ತಿಳಿಯಾಗಿಯೇ ಇರುತ್ತದೆ. ರಾತ್ರಿ ಮೋಡವಿದ್ದಿದ್ದರೆ ಅದು ಕಂಬಳಿಯಂತೆ ಶಾಖವನ್ನು ತಡೆದು, ಇಬ್ಬನಿಯನ್ನೇ ಬೀಳಗೊಡುತ್ತಿರಲಿಲ್ಲ. ನಿಮ್ಮ ಆಳುಗಳನ್ನು ಕಳಿಸಬೇಕಾಗಿದ್ದದ್ದು ಇಬ್ಬನಿಯಿಲ್ಲದ, ಸೆಕೆಯಾಡುವ ಬೆಳಗಿನಲ್ಲಿ.

ಮುಳ್ಳಯ್ಯನಗಿರಿಯ ಮೋಡ ಏರುಗಾಳಿಯದು. ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಗಾಳಿಯ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಆವಿ ಹನಿಯಾಗತೊಡಗುವ ಉಷ್ಣಾಂಶಕ್ಕೂ) ಇರುವ ಒಂದೊಂದು ಡಿಗ್ರಿ ಅಂತರಕ್ಕೆ ಸುಮಾರು 125 ಮೀಟರು ಏರಿದರೆ ಮೋಡದ ತಳ ಸಿಗುತ್ತದೆ. ಪೇಟೆಯಲ್ಲಿ ಉಷ್ಣಾಂಶ 22, ಇಬ್ಬನಿ ಬಿಂದು 18 ಎಂದಿಟ್ಟುಕೊಳ್ಳಿ: ತಳ 500 ಮೀಟರು ಮೇಲೆ. ಗಿರಿಯ ಶಿಖರವು ಪೇಟೆಗಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಅದು ಮೋಡದೊಳಗೆ, ನೀವು ಬಿಸಿಲಿನಲ್ಲಿ. ಆ ಮೋಡದಿಂದ ಮಳೆಯೂ ಅಪರೂಪ. ಮೋಡದ ಹನಿಯ ಅಡ್ಡಳತೆ ಒಂದು ಮಿಲಿಮೀಟರಿನ 50ನೇ ಒಂದು ಭಾಗದಷ್ಟು. 2 ಮಿಲಿಮೀಟರಿನ ಮಳೆಹನಿಯೊಂದಕ್ಕೆ ಅಂಥವು ಹತ್ತು ಲಕ್ಷ ಕೂಡಬೇಕು. ತೆಳುವಾದ ಮೋಡದಲ್ಲಿ ಹನಿಗಳು ಡಿಕ್ಕಿ ಹೊಡೆದು ಬೆಳೆಯಲು ಜಾಗವೂ ಸಾಲದು, ಹೊತ್ತೂ ಸಾಲದು.

ಅಂದ ಹಾಗೆ, ಟಾರ್ಪಾಲಿನ ಒಳಗೆ ಬೆವೆತದ್ದೂ ಇದೇ ನಿಯಮದಿಂದ: ಹಸಿ ಕಾಫಿಯ ಆವಿ, ರಾತ್ರಿ ತಣಿದ ಹೊದಿಕೆ. ಹಗಲಿನಲ್ಲಿ ಅದನ್ನು ತೆಗೆಯದಿದ್ದರೆ ಮಳೆಯೇ ಬೇಕಿಲ್ಲ.

ಸಕಲೇಶಪುರದವ

ಮೇಷ್ಟ್ರು ಮೋಡದ ವಿಷಯ ಹೇಳಿದ್ದಾರೆ, ನಾನು ಮುನ್ಸೂಚನೆಯ ಭಾಷೆಯ ಬಗ್ಗೆ ಹೇಳುತ್ತೇನೆ. ಹವಾಮಾನ ಇಲಾಖೆಯ ‘ಒಂದೆರಡು ಕಡೆ’ ಎಂಬುದು ಸುಮ್ಮನೆ ಆಡಿದ ಮಾತಲ್ಲ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇಕಡಾ 25ರಲ್ಲಿ ಮಳೆಯಾಗಬಹುದು ಎಂದರ್ಥ. ‘ಕೆಲವು ಕಡೆ’ ಎಂದರೆ ಶೇಕಡಾ 50ರವರೆಗೆ, ‘ಹಲವು ಕಡೆ’ ಎಂದರೆ 75ರವರೆಗೆ. ‘ಹಗುರ ಮಳೆ’ ಎಂದರೆ ದಿನಕ್ಕೆ 2.5ರಿಂದ 15.5 ಮಿಲಿಮೀಟರು. ಕಡೂರಿನ ಬಯಲನ್ನೂ ಶೃಂಗೇರಿಯ ಕಾಡನ್ನೂ ಒಂದೇ ಜಿಲ್ಲೆಯೆಂದು ಎಣಿಸುವ ವಾಕ್ಯವನ್ನು ನಂಬಿ ನಿಮ್ಮ ಒಂದು ಕಣವನ್ನು ಮುಚ್ಚಿದ್ದು ಅವಸರವಾಯಿತೆಂದೇ ನನ್ನ ಅಭಿಪ್ರಾಯ.

ನಾವು ನಿಜವಾಗಿ ಹೆದರಬೇಕಾದದ್ದು ಬಂಗಾಳ ಕೊಲ್ಲಿಗೆ. ಇಲಾಖೆಯ ಲೆಕ್ಕದಲ್ಲಿ ಚಳಿಗಾಲವೆಂದರೆ ಜನವರಿ, ಫೆಬ್ರವರಿ ಮಾತ್ರ. ನಮಗೆ ಎಷ್ಟೇ ಚಳಿಯಾದರೂ ಡಿಸೆಂಬರ್ ಇನ್ನೂ ಹಿಂಗಾರಿನ ಕಾಲ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವು ದುರ್ಬಲಗೊಂಡ ಮೇಲೂ ಒಳನಾಡನ್ನು ದಾಟಿ ಅರಬ್ಬಿ ಸಮುದ್ರದತ್ತ ಸಾಗುವಾಗ ದಕ್ಷಿಣ ಕರ್ನಾಟಕದ ಹಲವೆಡೆ ಮಳೆ ಸುರಿಸಿತು. ಅಂಥ ಮೋಡ ಬೆಟ್ಟದಲ್ಲಿ ಹುಟ್ಟುವುದಲ್ಲ, ಮೂಡಣದಿಂದ ಪದರಪದರವಾಗಿ ಬರುತ್ತದೆ, ಅದರ ಸುಳಿವೂ ಮೂರ್ನಾಲ್ಕು ದಿನ ಮೊದಲೇ ಸಿಗುತ್ತದೆ. ಪ್ರಕಟಣೆಯಲ್ಲಿ ‘ವಾಯುಭಾರ ಕುಸಿತ’ ಎಂಬ ಪದ ಕಂಡ ದಿನ ನಾನು ಕುಯ್ಲನ್ನೇ ನಿಲ್ಲಿಸುತ್ತೇನೆ. ಹಣ್ಣು ಗಿಡದಲ್ಲಿದ್ದರೆ ಉದುರಬಹುದು, ಕಣದಲ್ಲಿದ್ದರೆ ಕೊಳೆಯುವುದು ನಿಶ್ಚಯ.

ಆಲ್ದೂರಿನ ಬೆಳೆಗಾರ

ಇಬ್ಬರಿಗೂ ಧನ್ಯವಾದಗಳು. ಇನ್ನೊಂದೇ ಸಂದೇಹವಿದೆ. ನಿನ್ನೆ ರಾತ್ರಿ ಚಂದ್ರನ ಸುತ್ತ ದೊಡ್ಡದಾಗಿ ಬೆಳಕಿನ ಬಳೆಯಂತೆ ಗುಡಿ ಕಟ್ಟಿತ್ತು. ಮಳೆ ಬರುತ್ತದೆಂದು ನಮ್ಮ ತಾಯಿ ಹೇಳುತ್ತಿದ್ದಾರೆ.

ಹಾಸನದ ನಿವೃತ್ತ ಮೇಷ್ಟ್ರು

ತಾಯಿಯವರ ಮಾತನ್ನು ತಳ್ಳಿಹಾಕಬೇಡಿ. ಬಹಳ ಎತ್ತರದ ತೆಳುಮೋಡದಲ್ಲಿರುವ ಹಿಮದ ಹರಳುಗಳು ಬೆಳಕನ್ನು ಬಾಗಿಸುವುದರಿಂದ ಆ ಬಳೆ ಕಾಣುತ್ತದೆ. ಸಮುದ್ರದ ಕಡೆಯಿಂದ ಬರುವ ದೊಡ್ಡ ಮೋಡದ ಸಾಲಿನ ಮುಂಭಾಗವೂ ಹೀಗೆಯೇ ಇರುತ್ತದೆ, ಆದರೆ ಹಿಂದೆ ಏನೂ ಬರದೆ ಕರಗಿಹೋಗುವುದೂ ಉಂಟು. ಈ ದಿನ ಮಧ್ಯಾಹ್ನ ಬಿಸಿಲಿಗೆ ನಿಮ್ಮ ನೆರಳು ಸ್ಪಷ್ಟವಾಗಿ ಬೀಳುತ್ತಿದೆಯೇ ನೋಡಿ. ಮೋಡ ದಪ್ಪವಾಗಿ ಕೆಳಗಿಳಿದು ನೆರಳು ಮಾಸಿದ್ದರೆ ಸಂಜೆಗೆ ಮೊದಲೇ ಕಾಫಿ ಒಳಗೆ ಸೇರಲಿ.

ಆಲ್ದೂರಿನ ಬೆಳೆಗಾರ

ಈಗ ಒಂದೂವರೆ ಗಂಟೆ. ನೆರಳು ಸ್ಪಷ್ಟವಾಗಿಯೇ ಇದೆ. ಹರವಿದ್ದನ್ನು ಹಾಗೆಯೇ ಬಿಟ್ಟಿದ್ದೇನೆ.