ಶೆಲ್ ಸ್ಕ್ರಿಪ್ಟ್: ಎರಡು ಫೈಲ್‌ಗಳಲ್ಲಿ ಹೊಸದು ಯಾವುದು ಅಂತ ನೋಡೋದು ಹೇಗೆ?

ಪ್ರಶ್ನೆ:
ಸಿಎಸ್‌ವಿ ಫೈಲ್ ಬದಲಾದಾಗ ಮಾತ್ರ ವರದಿ ಮತ್ತೆ ತಯಾರಾಗಬೇಕು. ಎರಡೂ ಫೈಲ್ ಕೊನೆಯದಾಗಿ ಬದಲಾದ ಸಮಯವನ್ನ ‘ಸ್ಟ್ಯಾಟ್ -ಸಿ %ವೈ’ ಕಮಾಂಡ್ ಬಳಸಿ ಸೆಕೆಂಡುಗಳಲ್ಲಿ ತೆಗೆದು, [ ] ಒಳಗೆ > ಹಾಕಿ ಹೋಲಿಸ್ತಿದ್ದೀನಿ. ಸಿಎಸ್‌ವಿ ಹಳೆಯದಿದ್ರೂ ಪ್ರತಿ ಸಲ ವರದಿ ಓಡುತ್ತೆ. ಸಾಲದ್ದಕ್ಕೆ ಫೋಲ್ಡರ್‌ನಲ್ಲಿ 1718000000 ಅನ್ನೋ ಖಾಲಿ ಫೈಲ್ ಬಂದು ಕೂತಿದೆ. ಮ್ಯಾಕ್‌ನಲ್ಲಂತೂ ಸ್ಟ್ಯಾಟ್ ಸಾಲೇ ದಾಟಲ್ಲ.

ಉತ್ತರ 1:
ಆ ಖಾಲಿ ಫೈಲೇ ಸುಳಿವು. ಒಂಟಿ [ ] ಒಳಗೆ > ಅಂದ್ರೆ ರೀಡೈರೆಕ್ಷನ್, ಅಂದ್ರೆ ಔಟ್‌ಪುಟ್‌ನ ಒಂದು ಫೈಲ್‌ಗೆ ತಿರುಗಿಸೋದು. ಶೆಲ್ ಮೊದಲು ಬಲಗಡೆಯ ಸಂಖ್ಯೆಯ ಹೆಸರಲ್ಲೇ ಫೈಲ್ ತೆರೆಯುತ್ತೆ, ಟೆಸ್ಟ್‌ಗೆ (ಅಂದ್ರೆ [ ] ಪರೀಕ್ಷೆಗೆ) ಸಿಗೋದು ಎಡಗಡೆಯ ಒಂದು ಪದ ಮಾತ್ರ. ಪದ ಖಾಲಿಯಿಲ್ಲ ಅಂದ್ರೆ ಉತ್ತರ ‘ನಿಜ’. ಸಂಖ್ಯೆ ಬದಲು ಬಲಗಡೆ ವರದಿಯ ಹೆಸರೇ ಇದ್ದಿದ್ರೆ ಅದು ಸೊನ್ನೆ ಬೈಟ್ ಆಗಿ ಕೂತಿರ್ತಿತ್ತು! ಸಂಖ್ಯೆಗಳಿಗೆ -ಜಿಟಿ (‘ಇದಕ್ಕಿಂತ ದೊಡ್ಡದೇ?’) ಬಳಸಿ. ಬ್ಯಾಶ್ ಶೆಲ್‌ನ [[ ]] ಒಳಗೂ > ಅಕ್ಷರಕ್ರಮದಲ್ಲೇ ಹೋಲಿಸೋದು, ಅಲ್ಲಿ 10ಕ್ಕಿಂತ 9 ದೊಡ್ಡದು.

ಮ್ಯಾಕ್‌ನಲ್ಲಿ ‘ಸ್ಟ್ಯಾಟ್ -ಎಫ್ %ಎಂ’. ಆದ್ರೆ ಇಲ್ಲಿ ಸ್ಟ್ಯಾಟ್ ಯಾಕೆ ಬೇಕು?

ಇಫ್ [ "$ಮೂಲ" -ಎನ್‌ಟಿ "$ವರದಿ" ]; ದೆನ್

ಇಷ್ಟೇ ಸಾಕು. ‘ಮೂಲ’ ಅಂದ್ರೆ ನಿಮ್ಮ ಸಿಎಸ್‌ವಿ, -ಎನ್‌ಟಿ ಅಂದ್ರೆ ‘ಇದಕ್ಕಿಂತ ಹೊಸದೇ?’. ಉದ್ಧರಣ ಚಿಹ್ನೆ ಮಾತ್ರ ಬಿಡಬೇಡಿ, ಹೆಸರಲ್ಲಿ ಒಂದು ಸ್ಪೇಸ್ ಇದ್ರೂ ಕೈಕೊಡುತ್ತೆ.

ಉತ್ತರ 2:
ವರದಿ ಇನ್ನೂ ಹುಟ್ಟೇ ಇಲ್ಲ ಅಂದ್ರೆ? ಬ್ಯಾಶ್ ‘ನಿಜ’ ಅನ್ನುತ್ತೆ, ಡ್ಯಾಶ್ ಅನ್ನೋ ಇನ್ನೊಂದು ಶೆಲ್ ‘ಸುಳ್ಳು’ ಅಂದಿದ್ದನ್ನ ನೋಡಿದ್ದೀನಿ. -ಎನ್‌ಟಿ ಪಾಸಿಕ್ಸ್‌ಗೆ (ಯುನಿಕ್ಸ್ ಥರದ ವ್ಯವಸ್ಥೆಗಳ ಮಾನದಂಡ) ಸೇರಿದ್ದೇ 2024ರ ಆವೃತ್ತಿಯಲ್ಲಿ. ಹಾಗಾಗಿ ಮೊದಲು ‘[ ! -ಇ "$ವರದಿ" ] ||’ ಅಂತ, ಅಂದ್ರೆ ‘ವರದಿ ಇಲ್ವಾ, ಅಥವಾ’ ಅನ್ನೋ ಒಂದು ಪರೀಕ್ಷೆ ಸೇರಿಸಿ. ಹಳೇ ಶೆಲ್‌ಗಳಲ್ಲೂ ಓಡಬೇಕಾದ್ರೆ ‘ಫೈಂಡ್ "$ಮೂಲ" -ನ್ಯೂವರ್ "$ವರದಿ"’ ಕೊಡಿ, ಏನಾದ್ರೂ ಅಚ್ಚಾದ್ರೆ ಮೂಲ ಹೊಸದು.

ಫೈಲ್ ಪಟ್ಟಿ ಕೊಡೋ ಎಲ್ಎಸ್ -ಎಲ್ ತೋರಿಸೋ ದಿನಾಂಕವನ್ನಂತೂ ಕತ್ತರಿಸಿ ಬಳಸಲೇಬೇಡಿ. ಆರು ತಿಂಗಳು ದಾಟಿದ ಫೈಲ್‌ಗೆ ಗಂಟೆ-ನಿಮಿಷದ ಜಾಗದಲ್ಲಿ ವರ್ಷ ಬರುತ್ತೆ.

ಉತ್ತರ 3:
ಮೇಲಿನದೆಲ್ಲ ಸರಿ, ಆದ್ರೆ ವರದಿಯ ಸಮಯಕ್ಕೇ ಹೋಲಿಸೋದ್ರಲ್ಲಿ ಒಂದು ತೂತಿದೆ. ವರದಿ 10:00ಕ್ಕೆ ಶುರುವಾಗಿ 10:05ಕ್ಕೆ ಮುಗಿಯಿತು ಅಂದ್ಕೊಳ್ಳಿ. 10:02ಕ್ಕೆ ಸಿಎಸ್‌ವಿ ಬದಲಾಯ್ತು. ವರದಿಯ ಮೇಲೆ ಬೀಳೋದು 10:05, ಮುಂದಿನ ಸಲ ಸ್ಕ್ರಿಪ್ಟ್ ‘ಹೊಸದೇನಿಲ್ಲ’ ಅಂತ ಸುಮ್ಮನಾಗುತ್ತೆ. 10:02ರ ಬದಲಾವಣೆ ವರದಿಗೆ ಬರೋದೇ ಇಲ್ಲ.

ಅದಕ್ಕೇ ಕೆಲಸ ಶುರುವಾಗೋ ಮುಂಚೆ ‘ಟಚ್ ಗುರುತು.ಹೊಸ’ ಅಂತ ಖಾಲಿ ಫೈಲ್ ಮಾಡಿ, ಯಶಸ್ವಿಯಾಗಿ ಮುಗಿದ ಮೇಲೆ ‘ಎಂವಿ ಗುರುತು.ಹೊಸ ಗುರುತು’ ಅಂತ ಹೆಸರು ಬದಲಾಯಿಸಿ. ಎಂವಿ ಸಮಯ ಕೆಡಿಸಲ್ಲ, ಗುರುತಿನ ಮೇಲೆ 10:00 ಹಾಗೇ ಇರುತ್ತೆ. ಇನ್ನು ಮುಂದೆ ಸಿಎಸ್‌ವಿಯನ್ನ ಈ ಗುರುತಿಗೆ ಹೋಲಿಸಿ. ವರದಿ ಅರ್ಧದಲ್ಲಿ ನಿಂತ್ರೂ ಗುರುತು ಹಳೆಯದೇ ಆಗಿರೋದ್ರಿಂದ ಮತ್ತೆ ಓಡುತ್ತೆ.

ಎಂವಿಯ ಇದೇ ಗುಣ ತಿರುಗುಬಾಣವೂ ಹೌದು. ಬೇರೆ ಫೋಲ್ಡರ್‌ನಿಂದ ಎಂವಿ, ಸಿಪಿ -ಪಿ (ಸಮಯ ಉಳಿಸೋ ನಕಲು) ಅಥವಾ ಟಾರ್‌ನಲ್ಲಿ (ಫೈಲ್‌ಗಳ ಕಟ್ಟು) ತಂದ ಸಿಎಸ್‌ವಿ ತನ್ನ ಹಳೇ ಸಮಯ ಹೊತ್ತೇ ಬರುತ್ತೆ. ಒಳಗಿನ ದತ್ತಾಂಶ ಬೇರೆ, ಆದ್ರೂ -ಎನ್‌ಟಿ ‘ಸುಳ್ಳು’. ಫೈಲ್ ಹಾಗೆ ಬರೋದಾದ್ರೆ ದಿನಾಂಕ ನಂಬಬೇಡಿ, ಹಿಂದಿನ ಪ್ರತಿ ಇಟ್ಕೊಂಡು ಒಳಗಿನದನ್ನೇ ಹೋಲಿಸೋ ‘ಸಿಎಂಪಿ -ಎಸ್’ ಮಾಡಿ.

ಪ್ರಶ್ನೆ ಕೇಳಿದವರು:
ನಮ್ಮಲ್ಲಿ ಸಿಎಸ್‌ವಿ ಬರೋದು ಟಾರ್‌ನಲ್ಲೇ. ಸಿಎಂಪಿಗೆ ಬದಲಾಯಿಸ್ತೀನಿ.