ಕರುಳಿಗೂ ಎಂಡೋಮೆಟ್ರಿಯೋಸಿಸ್ ಹಬ್ಬಿದೆ ಅಂದ್ರು, ಮಾತ್ರೆನಾ ಆಪರೇಷನ್ನಾ?

ಸಾಗರದ ಸೊಸೆ:
ಎಲ್ರಿಗೂ ನಮಸ್ಕಾರ, ಹೆಸರು ಹಾಕಲ್ಲ, ಇಲ್ಲಿ ನಮ್ಮೂರವ್ರು ಯಾರಾದ್ರೂ ಇದ್ದೇ ಇರ್ತಾರೆ. ವಯಸ್ಸು 31. ಮುಟ್ಟಿನ ಹೊಟ್ಟೆನೋವು ಹೈಸ್ಕೂಲಿಂದಾನೂ ಇದೆ, ಮದ್ವೆ ಆದ್ಮೇಲೆ ಸರಿಹೋಗುತ್ತೆ ಅಂತಿದ್ರು, ಹೋಗ್ಲಿಲ್ಲ. ಈಗೀಗ ಹೊರಗಾದ ದಿನಗಳಲ್ಲಿ ಮೋಷನ್‌ಗೆ ಹೋಗೋದೇ ಒಂದು ಶಿಕ್ಷೆ, ನಲ್ಲಿ ಪೈಪ್ ಹಿಡ್ಕೊಂಡು ಕೂತಿರ್ತೀನಿ, ಬೆವರು ಕಿತ್ಕೊಂಡು ಬರುತ್ತೆ, ಆ ನಾಕ್ ದಿನ ಕಳೆದ್ರೆ ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ಇರ್ತೀನಿ. ಒಬ್ರು ಪೈಲ್ಸ್ ಅಂದ್ರು, ಇನ್ನೊಬ್ರು ಐಬಿಎಸ್, ಅಂದ್ರೆ ಕರುಳು ಸೂಕ್ಷ್ಮ ಆಗಿರೋ ತೊಂದ್ರೆ ಅಂತ ಇಸಬ್‌ಗೋಲ್ ಕೊಟ್ರು, ಕೊಲೊನೋಸ್ಕೋಪಿ ಮಾಡಿದ್ರೆ ನಾರ್ಮಲ್. ಕೊನೆಗೆ ಎಂಆರ್‌ಐ ಮಾಡಿಸಿದ್ಮೇಲೆ ಗೊತ್ತಾಯ್ತು, ಎಂಡೋಮೆಟ್ರಿಯೋಸಿಸ್ ಅಂತೆ, ಅಂದ್ರೆ ಗರ್ಭಕೋಶದ ಒಳಪದರದಂಥದ್ದೇ ಗರ್ಭಕೋಶದ ಹೊರಗಡೆ ಬೆಳೆಯೋ ಕಾಯಿಲೆ. ಗುದನಾಳದ ಮೇಲ್ಗಡೆ ಕರುಳಲ್ಲಿ 2.5 ಸೆಂ.ಮೀ ಗಂಟು, ಗರ್ಭಕೋಶಕ್ಕೆ ಕರುಳು ಅಂಟ್ಕೊಂಡಿದೆ, ಎಡಗಡೆ ಅಂಡಾಶಯದಲ್ಲಿ ಚಾಕಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗುಳ್ಳೆ) ಬೇರೆ. ಗೈನಿಕ್ ಡಾಕ್ಟ್ರು ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ 2 ಎಂಜಿ ದಿನಾ ತಗೊಳ್ಳಿ ನೋಡಣ ಅಂತಾರೆ, ಸರ್ಜನ್ನು ತೆಗೆಸಿಬಿಡಿ ಅಂತಾರೆ, ಅತ್ತೆ ಮಗು ಆದ್ರೆ ಎಲ್ಲ ಸರಿಯಾಗುತ್ತೆ ಅಂತಾರೆ, ಮನೆಯವ್ರು ಕೊನೆಕೊಯ್ಲು ಮುಗೀಲಿ ಆಮೇಲೆ ನೋಡಣ ಅಂತಾರೆ. ಕರುಳು ಕತ್ತರಿಸಿದ್ರೆ ಮೋಷನ್ ಹೋಗೋಕೆ ಹೊಟ್ಟೆ ಮೇಲೆ ಚೀಲ ಹಾಕ್ತಾರಂತೆ ಹೌದಾ? ಮಗು ಬೇಕು ನಂಗೆ, ಆದ್ರೆ ಈ ವರ್ಷಾನೇ ಆಗ್ಬೇಕು ಅಂತೇನಿಲ್ಲ.

ತೀರ್ಥಹಳ್ಳಿ ಮಳೆ:
ನಾನು ಡೈನೋಜೆಸ್ಟ್ ಮೇಲೇ ಇದೀನಿ, ಕೆಲವು ವರ್ಷ ಆಯ್ತು. ಶುರುನಲ್ಲಿ ತಿಂಗಳುಗಟ್ಲೆ ಸ್ವಲ್ಪ ಸ್ವಲ್ಪ ಬ್ಲೀಡಿಂಗ್ ಆಗ್ತಾನೇ ಇರುತ್ತೆ, ಎಷ್ಟೋ ಜನ ಅಲ್ಲೇ ಬಿಟ್ಬಿಡ್ತಾರೆ, ಬಿಡ್ಬೇಡಿ. ಆಮೇಲೆ ನಂಗೆ ಮುಟ್ಟೇ ನಿಂತೋಯ್ತು, ಮೋಷನ್ ನೋವು ಮುಕ್ಕಾಲು ಭಾಗ ಹೋಯ್ತು. ಆದ್ರೆ ಗಂಟು ಕರಗಿ ಮಾಯ ಆಗುತ್ತೆ ಅನ್ಕೋಬೇಡಿ, ಹಾರ್ಮೋನು ಅದನ್ನ ಸುಮ್ನಿರಿಸುತ್ತೆ ಅಷ್ಟೇ, ಮಾತ್ರೆ ನಿಲ್ಸಿದ್ರೆ ನೋವು ವಾಪಸ್ ಬರಬಹುದು. ಸುಮ್ ಸುಮ್ನೆ ಅಳು ಬರೋದು, ತಲೆನೋವು, ತೂಕ ಇವೆಲ್ಲ ಕೆಲವ್ರಿಗೆ ಆಗುತ್ತೆ, ಮನಸ್ಸು ತೀರಾ ಕುಗ್ಗಿದ್ರೆ ಡಾಕ್ಟ್ರಿಗೆ ಹೇಳಿ. ಇನ್ನೊಂದು, ಈ ಮಾತ್ರೆ ತಗೊಳ್ಳೋವಾಗ ಮಗುಗೆ ಟ್ರೈ ಮಾಡೋಕಾಗಲ್ಲ, ಹಾಗಂತ ಅದನ್ನೇ ಗರ್ಭನಿರೋಧಕ ಅಂತ ನಂಬೋ ಹಾಗೂ ಇಲ್ಲ, ಕಾಂಡೋಮ್ ಇರ್ಲಿ.

ನಾಟಿ ಮದ್ದು:
ಉಷ್ಣ ಜಾಸ್ತಿ ಆಗಿದೆ ಅಷ್ಟೇ ಮೇಡಂ. ಆಪರೇಷನ್ ಮಾಡಿಸ್ಬೇಡಿ. ನಮ್ ಕಡೆ ಒಬ್ರು ಮೂಲವ್ಯಾಧಿಗೆ ಬೇರು ಕೊಡ್ತಾರೆ, 3 ದಿನ ಪಥ್ಯ, ಬೇಕಾದ್ರೆ ಅಡ್ರೆಸ್ ಕೊಡ್ತೀನಿ.

ವಾರ್ಡ್ ಸಿಸ್ಟರ್ ಶಿವಮೊಗ್ಗ:
ಅಣ್ಣಾ, ಅವ್ರಿಗೆ ಮೂಲವ್ಯಾಧಿ ಇಲ್ಲ, ಎಂಆರ್‌ಐ ರಿಪೋರ್ಟ್ ಓದಿ ಆಮೇಲೆ ಬೇರು ಕೊಡಿ.

ಸಾಗರದವ್ರೇ, ಕೊಲೊನೋಸ್ಕೋಪಿ ನಾರ್ಮಲ್ ಬಂದಿದ್ದು ಆಶ್ಚರ್ಯ ಅಲ್ಲ, ಈ ಕಾಯಿಲೆ ಕರುಳಿನ ಹೊರಗಡೆಯಿಂದ ಒಳಕ್ಕೆ ಇಳಿಯುತ್ತೆ, ಒಳಪದರ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ, ಕ್ಯಾಮೆರಾ ನೋಡೋದು ಒಳಗಡೆ ಮಾತ್ರ ತಾನೇ. ಮೊದ್ಲು ಒಂದು ವಿಷ್ಯ ಹೇಳಿ, ಮೋಷನ್ ತೆಳ್ಳಗೆ ಬರ್ತಿದ್ಯಾ, ಹೊಟ್ಟೆ ಉಬ್ಬಿ ವಾಂತಿ ಆಗುತ್ತಾ? ಕರುಳು ಕಟ್ಕೊಳ್ಳೋ ಲಕ್ಷಣ ಇದ್ರೆ ಕೊನೆಕೊಯ್ಲು ಗಿನೆಕೊಯ್ಲು ಅಂತ ಕಾಯೋಕಾಗಲ್ಲ. ಅದಿಲ್ಲ ಅಂದ್ರೆ ಮಾತ್ರೆ ಶುರು ಮಾಡಿ ನೋಡೋದ್ರಲ್ಲಿ ತಪ್ಪೇನಿಲ್ಲ. ಕಿಡ್ನಿ ಸ್ಕ್ಯಾನ್ ಮಾತ್ರ ಕೇಳಿ ಮಾಡಿಸ್ಕೊಳ್ಳಿ, ಈ ಕಾಯಿಲೆ ಕಿಡ್ನಿಯಿಂದ ಬರೋ ಮೂತ್ರನಾಳನ ಒತ್ತಿದ್ರೆ ನೋವೇ ಇಲ್ದೆ ಕಿಡ್ನಿ ಊದ್ಕೊಳ್ಳಬಹುದು.

ಆಪರೇಷನ್ ಅಂದ್ರೆ ಒಂದೇ ತರ ಅಲ್ಲ. ಕರುಳಿನ ಮೇಲಿಂದ ಕೆರೆದು ತೆಗೆಯೋದು ಒಂದು, ಗಂಟಿರೋ ಜಾಗನಷ್ಟೇ ದುಂಡಗೆ ಕತ್ತರಿಸಿ ಹೊಲಿಯೋದು ಇನ್ನೊಂದು, ಇದು ಸುಮಾರು 3 ಸೆಂ.ಮೀ ಒಳಗಿನ ಒಂಟಿ ಗಂಟಿಗೆ ಆಗುತ್ತೆ. ದೊಡ್ಡದಿದ್ರೆ, ಸುಮಾರು ಕಡೆ ಇದ್ರೆ, ಕರುಳು ಕಿರಿದಾಗಿದ್ರೆ ಆ ತುಂಡನ್ನೇ ತೆಗೆದು ಎರಡು ತುದಿ ಜೋಡಿಸ್ತಾರೆ. ಜೋಡಿಸಿದ ಜಾಗ ಲೀಕ್ ಆಗೋದೇ ದೊಡ್ಡ ಭಯ, ಗುದನಾಳದ ಕೆಳಗಡೆ ಹೋದಷ್ಟೂ ಜಾಸ್ತಿ. ಚೀಲ ಎಲ್ರಿಗೂ ಹಾಕಲ್ಲ, ಹಾಕಿದ್ರೂ ಸಾಮಾನ್ಯವಾಗಿ ತಾತ್ಕಾಲಿಕ. ಗೈನಿಕ್ ಸರ್ಜನ್ನು, ಕರುಳಿನ ಸರ್ಜನ್ನು ಇಬ್ರೂ ಒಟ್ಟಿಗೆ ನಿಂತು ಮಾಡೋ ಕಡೆ ಮಾಡಿಸಿ, ನೀವು ಇಂಥದ್ದು ಎಷ್ಟು ಮಾಡಿದೀರಿ ಅಂತ ಕೇಳೋಕೆ ನಾಚ್ಕೋಬೇಡಿ.

ಕೊಪ್ಪದ ಅಕ್ಕ:
ನಂದು ತುಂಡು ತೆಗೆದು ಜೋಡ್ಸಿದ ಕೇಸು ತಂಗಿ. ಮಾತ್ರೆ ನಂಗೆ ಒಗ್ಲಿಲ್ಲ, ಆಮೇಲೆ ಮುಟ್ಟಿನ ಹಾರ್ಮೋನನ್ನೇ ತಡೆಯೋ ಲ್ಯೂಪ್ರೊಲೈಡ್ ಇಂಜೆಕ್ಷನ್ ಕೊಟ್ರು, ಮೈಯೆಲ್ಲ ಬಿಸಿ ಬಿಸಿ, ಆಷಾಢದ ಮಳೇಲಿ ಮನೆಯವ್ರೆಲ್ಲ ಕಂಬಳಿ ಹೊದ್ಕೊಂಡು ಕೂತಿದ್ರೆ ನಾನೊಬ್ಳು ಫ್ಯಾನ್ ಕೆಳಗೆ! ಮೂಳೆ ಸವೆಯುತ್ತೆ ಅಂತ ಜೊತೆಗೆ ಸ್ವಲ್ಪ ಹಾರ್ಮೋನ್ ಮಾತ್ರೆನೂ ಕೊಟ್ರು. ಕರುಳು ಕಿರಿದಾಗ್ತಾ ಬಂತು, ಕೊನೆಗೆ ಮಂಗಳೂರಲ್ಲಿ ಆಪರೇಷನ್, ಚೀಲನೂ ಹಾಕಿದ್ರು, ಆಮೇಲೆ ತೆಗೆದ್ರು. ಚೀಲ ಇದ್ದಾಗ ನಂಗಿಂತ ನೋಡೋಕೆ ಬಂದವ್ರಿಗೇ ಸಂಕಟ. ಆ ಹಳೇ ನೋವು ಹೋಯ್ತು, ಸುಳ್ಳು ಹೇಳಲ್ಲ, ಆದ್ರೆ ಮೋಷನ್ ಬಂತು ಅಂದ್ರೆ ತಡ್ಕೊಳ್ಳೋಕಾಗಲ್ಲ ಈಗ್ಲೂ, ಘಾಟಿ ಬಸ್ ಹತ್ತೋ ದಿನ ಬೆಳಗ್ಗೆ ಬರೀ ಕಾಫಿ. ಮತ್ತೆ ಬರ್ದಿರ್ಲಿ ಅಂತ ಗರ್ಭಕೋಶದೊಳಗೆ ಮಿರೇನಾ (ಹಾರ್ಮೋನ್ ಬಿಡೋ ಕಾಪರ್-ಟಿ ತರದ್ದು, ಬಸುರಾಗೋದನ್ನೂ ತಡೆಯುತ್ತೆ) ಇದೆ, ನಂಗೆ ಮಕ್ಕಳು ಆಗಿದಾವೆ ಹಾಗಾಗಿ ಅಡ್ಡಿಲ್ಲ.

ನಿಮ್ಗೆ ಮಗು ಬೇಕಲ್ಲ, ಸಿಸ್ಟ್ ಮುಟ್ಟೋ ಮೊದ್ಲೇ ಎಎಂಎಚ್ ರಕ್ತಪರೀಕ್ಷೆ (ಅಂಡಾಣು ಎಷ್ಟು ಉಳಿದಿದೆ ಅಂತ ಅಂದಾಜು ಕೊಡುತ್ತೆ) ಮಾಡಿಸಿ, ಸಿಸ್ಟ್ ತೆಗೆಯೋವಾಗ ಅಂಡಾಶಯದ ಒಳ್ಳೇ ಭಾಗನೂ ಸ್ವಲ್ಪ ಹೋಗುತ್ತೆ. ಫರ್ಟಿಲಿಟಿ ಡಾಕ್ಟ್ರ ಹತ್ರಾನೂ ಒಂದ್ಸಲ ಮಾತಾಡಿ. ಅತ್ತೆಗೆ ಹೇಳಿ, ಬಸುರಿ ಆಗೋದು ಈ ಕಾಯಿಲೆಗೆ ಔಷಧಿ ಅಲ್ಲ.

ಸಾಗರದ ಸೊಸೆ:
ಅಕ್ಕ, ಸಿಸ್ಟರ್, ತುಂಬಾ ಥ್ಯಾಂಕ್ಸ್, ನಮ್ಮನೆಯವ್ರಿಗೂ ಓದ್ಸಿದೆ. ಮೋಷನ್ ತೆಳ್ಳಗೆ ಬರಲ್ಲ, ವಾಂತಿನೂ ಇಲ್ಲ. ಹಾಗಾಗಿ ಸದ್ಯಕ್ಕೆ ಮಾತ್ರೆ ಶುರು ಮಾಡ್ತೀನಿ, ಕಿಡ್ನಿ ಸ್ಕ್ಯಾನು ಎಎಂಎಚ್ಚು ಈ ವಾರಾನೇ ಮಾಡಿಸ್ತಾರಂತೆ, ಕೊಯ್ಲು ಅಲ್ಲೇ ಇರುತ್ತೆ ಅಂದ್ರು. ಮಾತ್ರೆ ಬೆಳಗ್ಗೆನಾ ರಾತ್ರಿನಾ?

ತೀರ್ಥಹಳ್ಳಿ ಮಳೆ:
ಯಾವಾಗಾದ್ರೂ ಸರಿ, ದಿನಾ ಒಂದೇ ಟೈಮಿಗೆ. ನಾನು ರಾತ್ರಿ ಊಟ ಆದ್ಮೇಲೆ, ಮೊಬೈಲಲ್ಲಿ ಅಲಾರಂ ಇಟ್ಟಿದೀನಿ.